ಚಲಚ್ಚಿತ್ರದಲ್ಲಿ ದೋಷವಿಚಾರವೂ ಮಾಯಾದೃಶ್ಯಗಳೂ

ಚಲಚ್ಚಿತ್ರಗಳ ವಿಷಯವಾಗಿ ನಡೆಯುವ ಚರ್ಚೆಯಲ್ಲಿ ಎರಡು ಬಗೆಯ ವಿಮರ್ಶೆ ಬಹುವಾಗಿ ಬಳಕೆಯಲ್ಲಿದೆ. ಒಂದು, ತಪ್ಪುಗಳನ್ನು ಹೆಕ್ಕುವುದು: ಪುರಾಣಪುರುಷನ ಮಣಿಕಟ್ಟಿನಲ್ಲಿ ಕೈಗಡಿಯಾರದ ಗುರುತು ಕಂಡಿತು, ಒಂದು ನೋಟದಲ್ಲಿ ತುಂಬಿದ್ದ ಲೋಟ ಮರುನೋಟದಲ್ಲಿ ಬರಿದಾಗಿತ್ತು, ಮಳೆಯಲ್ಲಿ ನೆನೆದ ಉಡುಪು ಬಾಗಿಲು ದಾಟುವಷ್ಟರಲ್ಲಿ ಒಣಗಿತು, ಇತ್ಯಾದಿ. ಇನ್ನೊಂದು, ಮಾಯಾದೃಶ್ಯಗಳನ್ನು ಹೊಗಳುವುದು: ಇಷ್ಟು ಹಣ ವೆಚ್ಚವಾಯಿತು, ಇಂತಹ ಯಂತ್ರವನ್ನು ತರಿಸಿದರು, ದಿಟವಾವುದು ಸಟೆಯಾವುದು ಎಂಬುದೇ ತಿಳಿಯದಾಯಿತು, ಎಂದು. ಮೇಲುನೋಟಕ್ಕೆ ಒಂದು ನಿಂದೆ, ಇನ್ನೊಂದು ಸ್ತುತಿ. ಆದರೆ ಎರಡರ ಬೇರೂ ಒಂದೇ. ಎರಡೂ ಚಿತ್ರವನ್ನು ಲೋಕದ ಪಕ್ಕದಲ್ಲಿಟ್ಟು ಅಳೆದು, ಅಳತೆ ತಪ್ಪಿದಲ್ಲಿ ದೋಷವೆಂದೂ ಕೂಡಿದಲ್ಲಿ ಗುಣವೆಂದೂ ತೀರ್ಪು ಕೊಡುತ್ತವೆ. ಕಾವ್ಯದ ವಿಷಯದಲ್ಲಿ ಈ ಬಗೆಯ ತೀರ್ಪು ಸಾಲದೆಂಬುದನ್ನು ನಮ್ಮ ಲಾಕ್ಷಣಿಕರು ಸಾವಿರ ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಅವರ ವಿವೇಚನೆ ಈ ಹೊಸ ದೃಶ್ಯಕಾವ್ಯಕ್ಕೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಭರತನನ್ನು ವಿಚಾರಿಸಬೇಕು. ಆಹಾರ್ಯಾಭಿನಯವನ್ನು ವಿವರಿಸುವಾಗ ಆತನು 'ಪುಸ್ತ'ವೆಂಬ ಒಂದು ವಿಭಾಗವನ್ನು ಹೇಳುತ್ತಾನೆ. ಬೆಟ್ಟ, ರಥ, ವಿಮಾನ, ಆನೆ ಮೊದಲಾದುವನ್ನು ರಂಗಕ್ಕಾಗಿ ಕೃತಕವಾಗಿ ನಿರ್ಮಿಸುವುದೇ ಪುಸ್ತ. ಚಾಪೆ, ಬಟ್ಟೆ, ತೊಗಲುಗಳನ್ನು ಜೋಡಿಸಿ ಮಾಡಿದ್ದು ಸಂಧಿಮ. ಸೂತ್ರ ಯಂತ್ರಗಳಿಂದ ಚಲಿಸುವಂತೆ ಮಾಡಿದ್ದು ವ್ಯಾಜಿಮ. ಸುತ್ತಿ ಹೊದಿಸಿ ಮಾಡಿದ್ದು ವೇಷ್ಟಿಮ. ಆಯುಧಗಳನ್ನು ನಿಜವಾದ ಲೋಹದಿಂದ ಮಾಡಬೇಡಿರಿ, ಹುಲ್ಲು, ಬಿದಿರು, ಅರಗು ಮುಂತಾದ ಹಗುರ ವಸ್ತುಗಳಿಂದ ಮಾಡಿರಿ, ಭಾರವಾದರೆ ನಟನು ಬಳಲುವನು, ಎಂಬುದು ಅವನ ಸಲಹೆ. ಕತ್ತಿಯು ಕತ್ತಿಯಾಗಿರಬೇಕೆಂಬ ಹಟ ಅವನಿಗಿಲ್ಲ. ಅದನ್ನು ಹಿಡಿದ ಕೈ ಆಯಾಸದಿಂದ ಅಭಿನಯವನ್ನು ಕೆಡಿಸಬಾರದು, ಅಷ್ಟೆ. ಬೆಟ್ಟ, ವಿಮಾನ, ಆಯುಧಗಳು ಮೂರ್ತಿಮತ್ತಾಗಿ ರಂಗಕ್ಕೆ ಬರುವುದನ್ನು ಆತನು ನಾಟ್ಯಧರ್ಮಿಯಲ್ಲಿ ಸೇರಿಸಿದ್ದಾನೆ. ಒಬ್ಬನೇ ನಟನು ಒಂದು ಪಾತ್ರವನ್ನು ಮುಗಿಸಿ ಮತ್ತೊಂದನ್ನು ಧರಿಸುವುದೂ ಅಲ್ಲಿಯೇ ಬರುತ್ತದೆ.

ಇಷ್ಟು ಉದಾರನಾದ ಭರತನು ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟವನಲ್ಲ. ಪ್ರಯೋಗದ ಸಿದ್ಧಿಯನ್ನು ಹೇಳುವಲ್ಲಿ 'ಘಾತ'ಗಳನ್ನು ವಿಂಗಡಿಸಿ ಹೇಳಿದ್ದಾನೆ. ಗಾಳಿ, ಬೆಂಕಿ, ಮಳೆ, ಹಾವುಗಳಿಂದ ಆಗುವ ದೈವಿಕ ವಿಘ್ನ ಒಂದು ಕಡೆ. ಮಾತು ಮರೆಯುವುದು, ಒಬ್ಬರ ಮಾತನ್ನು ಇನ್ನೊಬ್ಬರು ಆಡುವುದು, ಒಪ್ಪದ ಪಾತ್ರವನ್ನು ವಹಿಸುವುದು, ಕಿರೀಟವೋ ಆಭರಣವೋ ಕಳಚಿ ಬೀಳುವುದು, ಇವು ನಟನಿಂದಲೇ ಉಂಟಾಗುವ ಘಾತಗಳು. ಇವುಗಳನ್ನು ಗಮನಿಸಿ ನಿರ್ಣಯಿಸಲು ಪ್ರಾಶ್ನಿಕರೆಂಬ ಪರೀಕ್ಷಕರೂ ಉಂಟು. ಆದರೆ ಆ ಪ್ರಕರಣದಲ್ಲಿಯೇ, ಗುಣವೇ ಇಲ್ಲದ ಅಥವಾ ದೋಷವೇ ಇಲ್ಲದ ಪ್ರಯೋಗ ಎಲ್ಲಿಯೂ ಇಲ್ಲವಾದುದರಿಂದ ನಾಟ್ಯದಲ್ಲಿನ ದೋಷಗಳನ್ನು ಅತಿಯಾಗಿ ಹಿಡಿಯಬಾರದೆಂಬ ಅಭಿಪ್ರಾಯವನ್ನೂ ಸೇರಿಸಿರುತ್ತಾನೆ. ಇಂದು ತಪ್ಪುಗಳ ಪಟ್ಟಿ ಬರೆಯುವವರು ಪ್ರಾಶ್ನಿಕರ ವಂಶದವರೇ ಸರಿ. ಈ ಕಡೆಯ ಮಾತು ಮಾತ್ರ ಅವರ ಕಿವಿಗೆ ಬಿದ್ದಂತೆ ತೋರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ರಂಗಭೂಮಿಯ ಪ್ರೇಕ್ಷಕನು ಬಿದಿರಿನ ಕತ್ತಿಯನ್ನು ಬಿದಿರೆಂದು ತಿಳಿದೇ ಕತ್ತಿಯೆಂದು ಒಪ್ಪುತ್ತಾನೆ. ಕ್ಯಾಮೆರಾದ ಸ್ಥಿತಿ ಹಾಗಲ್ಲ. ಅದು ತನ್ನ ಎದುರಿಗಿದ್ದುದನ್ನು ಇದ್ದಂತೆ ಹಿಡಿಯುವ ಯಂತ್ರ, ಹುಟ್ಟಿನಿಂದಲೇ ಲೋಕಧರ್ಮಿ. ಅದು ತೋರಿಸುವ ಬೆಟ್ಟ ರಟ್ಟಿನದಾದರೆ ಸಾಕ್ಷಿಯೇ ಸುಳ್ಳು ನುಡಿದಂತಾಯಿತಲ್ಲವೆ? ಆಕ್ಷೇಪ ಗಟ್ಟಿಯಾದುದು. ಚಿತ್ರಗಳ ಸಣ್ಣ ಪ್ರಮಾದಗಳು ನಾಟಕದ ದೊಡ್ಡ ಪ್ರಮಾದಗಳಿಗಿಂತ ಹೆಚ್ಚಾಗಿ ಕಣ್ಣು ಚುಚ್ಚುವುದಕ್ಕೆ ಇದೇ ಕಾರಣ. ಮಾಯಾದೃಶ್ಯವೆಂಬುದು ಲೋಕಧರ್ಮಿಯ ಉಡುಪನ್ನು ತೊಟ್ಟು ಬರುವ ನಾಟ್ಯಧರ್ಮಿ. ಉಡುಪಿನ ಹೊಲಿಗೆ ಬಿಟ್ಟರೆ ಅದಕ್ಕೆ ಆಗುವ ಅವಮಾನ ಎರಡು ಮಡಿ. ಆದರೆ ಆ ಕಲೆಯ ಚರಿತ್ರೆಯನ್ನು ನೋಡಿದರೆ ಸಾಕ್ಷಿ ಮೊದಲಿನಿಂದಲೂ ಅಷ್ಟೇನೂ ನಂಬತಕ್ಕವನಾಗಿರಲಿಲ್ಲವೆಂಬುದು ಕಂಡುಬರುತ್ತದೆ.

ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ವೃತ್ತಿಯಿಂದ ಐಂದ್ರಜಾಲಿಕ. ಪ್ಯಾರಿಸಿನ ಒಪೆರಾ ಚೌಕದಲ್ಲಿ ಚಿತ್ರ ತೆಗೆಯುತ್ತಿದ್ದಾಗ ತನ್ನ ಯಂತ್ರದಲ್ಲಿ ಫಿಲ್ಮು ಸಿಕ್ಕಿಕೊಂಡು ನಿಂತಿತೆಂದೂ, ಸರಿಪಡಿಸಿ ಮತ್ತೆ ತಿರುಗಿಸಿ, ಬಳಿಕ ತೆರೆಯ ಮೇಲೆ ನೋಡಿದರೆ ಪ್ರಯಾಣಿಕರ ಬಂಡಿಯೊಂದು ಹಠಾತ್ತಾಗಿ ಶವದ ಬಂಡಿಯಾಗಿಯೂ ಗಂಡಸರು ಹೆಂಗಸರಾಗಿಯೂ ಮಾರ್ಪಟ್ಟಿದ್ದರೆಂದೂ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಮಾಯಗಾರನ ಮಾತು, ಸ್ವಲ್ಪ ಬಣ್ಣ ಕಟ್ಟಿರಬಹುದು. ಅದು ಹೇಗಾದರೂ ಇರಲಿ, ೧೮೯೬ರಲ್ಲಿ ಅವನು ತೆಗೆದ ಒಂದು ಚಿಕ್ಕ ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತ ಹೆಂಗಸು ಮಾಯವಾಗಿ ಆಕೆಯ ಜಾಗದಲ್ಲಿ ಅಸ್ಥಿಪಂಜರ ಕಾಣಿಸಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿ, ವಸ್ತುವನ್ನು ಬದಲಿಸಿ, ಮತ್ತೆ ನಡೆಯಿಸುವುದು: ಇಷ್ಟೇ ಉಪಾಯ. ಇದನ್ನು ಮೊದಲು ಕಂಡುಹಿಡಿದ ಗೌರವ ಮಾತ್ರ ಅವನಿಗೆ ಸಲ್ಲದು; ೧೮೯೫ರಲ್ಲಿಯೇ ಎಡಿಸನ್ ಸಂಸ್ಥೆಯವರು ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದವನ್ನು ತೋರಿಸಲು ನಟನ ಬದಲು ಬೊಂಬೆಯನ್ನು ಇದೇ ರೀತಿಯಲ್ಲಿ ಇರಿಸಿದ್ದರು. ನಮಗೆ ಮುಖ್ಯವಾದುದು ಬೇರೆ. ಇಂದು ತಪ್ಪು ಹುಡುಕುವವನು ಯಾವುದನ್ನು 'ಎರಡು ನೋಟಗಳ ನಡುವೆ ವಸ್ತು ಬದಲಾಯಿತು' ಎಂದು ಬರೆದುಕೊಳ್ಳುತ್ತಾನೆಯೋ ಅದೇ ಮೆಲಿಯೆಸನ ಚಮತ್ಕಾರದ ಬೀಜ. ಘಟನೆ ಒಂದೇ, ಒಂದೆಡೆ ದೋಷ, ಒಂದೆಡೆ ಅಲಂಕಾರ. ಹಾಗಾದರೆ ವ್ಯತ್ಯಾಸವಿರುವುದು ಎಲ್ಲಿ? ಘಟನೆಯಲ್ಲಂತೂ ಅಲ್ಲ.

ಭಾರತದಲ್ಲಿ ದಾದಾಸಾಹೇಬ ಫಾಲ್ಕೆಯವರು ೧೯೧೩ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ಮುಂಬಯಿಯಲ್ಲಿ ಪ್ರದರ್ಶಿಸಿದಾಗ ತಾರಾಮತಿಯ ಪಾತ್ರವನ್ನು ವಹಿಸಿದವರು ಅಣ್ಣಾ ಸಾಳುಂಕೆ ಎಂಬ ಗಂಡಸು. ೧೯೧೭ರ 'ಲಂಕಾದಹನ'ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ. ಭರತನ ನಾಟ್ಯಧರ್ಮಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ೧೯೧೯ರ 'ಕಾಲಿಯಮರ್ದನ'ದಲ್ಲಿ ಫಾಲ್ಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಥೆ ತೊಡಗುವ ಮುನ್ನ, ಕೃಷ್ಣನ ಪಾತ್ರಧಾರಿಣಿಯಾದ ತಮ್ಮ ಮಗಳು ಮಂದಾಕಿನಿಯ ಮುಖವನ್ನೇ ಸಮೀಪದಿಂದ ತೋರಿಸಿ, ಅದರಲ್ಲಿ ಒಂದಾದಮೇಲೊಂದು ಭಾವ ಮೂಡುವುದನ್ನು ಪ್ರೇಕ್ಷಕರ ಮುಂದಿರಿಸಿದರು. ಇವಳು ಏಳು ವರ್ಷದ ಹುಡುಗಿ, ಇನ್ನುಮುಂದೆ ಕೃಷ್ಣ, ಎಂಬ ಒಪ್ಪಂದವನ್ನು ಬಹಿರಂಗವಾಗಿಯೇ ಮಾಡಿಕೊಂಡಂತಾಯಿತು. ಸೂತ್ರಧಾರನು ಪ್ರಸ್ತಾವನೆಯಲ್ಲಿ ಮಾಡುವ ಕೆಲಸವೂ ಇದೇ. ಆ ಒಪ್ಪಂದವಾದ ಮೇಲೆ ಹೆಡೆಯ ಮೇಲೆ ಕುಣಿಯುವ ಮಗುವನ್ನು ನೋಡಿ 'ಇದು ಹುಡುಗಿ, ಅದು ಬಟ್ಟೆಯ ಹಾವು' ಎಂದು ಕೂಗುವವನು ಹೊಸದೇನನ್ನೂ ಕಂಡುಹಿಡಿದಂತಾಗಲಿಲ್ಲ.

ಈಗ ಪ್ರಕೃತಕ್ಕೆ ಮುಖ್ಯವಾದ ಪ್ರಮಾಣಕ್ಕೆ ಬರಬಹುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು 'ಧ್ವನ್ಯಾಲೋಕ'ದ ಮೂರನೆಯ ಉದ್ಯೋತದಲ್ಲಿ ಕವಿಯ ದೋಷಗಳನ್ನು ಎರಡಾಗಿ ಬೇರ್ಪಡಿಸುತ್ತಾನೆ. ಅವ್ಯುತ್ಪತ್ತಿಯಿಂದ, ಎಂದರೆ ಲೋಕಶಾಸ್ತ್ರಗಳ ಪರಿಜ್ಞಾನ ಸಾಲದೆ ಆದ ದೋಷ ಒಂದು; ಅಶಕ್ತಿಯಿಂದ, ಎಂದರೆ ಪ್ರತಿಭೆ ಸಾಲದೆ ಆದ ದೋಷ ಇನ್ನೊಂದು. ಮೊದಲನೆಯದನ್ನು ಕವಿಯ ಶಕ್ತಿ ಮುಚ್ಚಿಬಿಡುವುದು. ಎರಡನೆಯದು ಒಡನೆಯೇ ಕಣ್ಣಿಗೆ ಬೀಳುವುದು. 'ಕುಮಾರಸಂಭವ'ದಲ್ಲಿ ದೇವಿಯ ಸಂಭೋಗವರ್ಣನೆ ಅನುಚಿತವೇ ಆದರೂ ಕಾಳಿದಾಸನ ಶಕ್ತಿಯಿಂದ ಅದು ಗ್ರಾಮ್ಯವೆಂದು ತೋರುವುದಿಲ್ಲವೆಂಬುದು ಅವನು ಕೊಡುವ ನಿದರ್ಶನ. ಇಲ್ಲಿ 'ಮುಚ್ಚುವುದು' ಎಂಬುದನ್ನು ಗಮನಿಸಬೇಕು. ಅಳಿಸುವುದು ಎಂದು ಅವನು ಹೇಳಲಿಲ್ಲ. ದೋಷ ದೋಷವಾಗಿಯೇ ಉಳಿದು, ರಸದ ದಾರಿಗೆ ಅಡ್ಡ ಬರುವುದಿಲ್ಲ, ಅಷ್ಟೆ. ದಂಡಿಯಾದರೋ ಇನ್ನೂ ಮುಂದುವರಿದು, ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮಗಳಿಗೆ ವಿರುದ್ಧವಾದ ಮಾತುಗಳನ್ನು ದೋಷಗಳಲ್ಲಿ ಎಣಿಸಿ, ಕವಿಯ ಕೌಶಲದಿಂದ ಅವೇ ಒಮ್ಮೊಮ್ಮೆ ಗುಣಗಳ ಬೀದಿಗೆ ಇಳಿಯುವುದುಂಟೆಂದು ಹೇಳಿದ್ದಾನೆ. ದಂಡಿಯ ದಾರಿಯನ್ನು ಬಹುಮಟ್ಟಿಗೆ ಅನುಸರಿಸಿದ ನಮ್ಮ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನನಿರ್ಣಯ. ದೋಷವನ್ನು ಹೇಳಹೊರಟವನು ಅದೋಷವನ್ನೂ ಹೇಳದೆ ತೀರದು.

ಈ ವಿಂಗಡಣೆಯನ್ನು ಪರೀಕ್ಷಿಸಲು ೧೯೩೩ರ 'ಕಿಂಗ್ ಕಾಂಗ್' ಎಂಬ ಅಮೆರಿಕದ ಚಿತ್ರ ಬಹು ಅನುಕೂಲವಾಗಿದೆ. ಅದರಲ್ಲಿನ ಮಹಾವಾನರ ಬಹುಪಾಲು ದೃಶ್ಯಗಳಲ್ಲಿ ಒಂದೂವರೆ ಎರಡಡಿ ಎತ್ತರದ ಒಂದು ಬೊಂಬೆ. ಲೋಹದ ಕೀಲೆಲುಬು, ಮೇಲೆ ರಬ್ಬರು, ಅದರ ಮೇಲೆ ಮೊಲದ ತುಪ್ಪಳು. ವಿಲ್ಲಿಸ್ ಓಬ್ರಿಯನ್ ಎಂಬ ಶಿಲ್ಪಿಯೂ ಅವನ ಸಹಾಯಕರೂ ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಚೌಕಟ್ಟು, ಮತ್ತೆ ಸರಿಸಿ ಇನ್ನೊಂದು ಚೌಕಟ್ಟು, ಹೀಗೆ ತೆರೆಯ ಮೇಲಿನ ಒಂದು ಸೆಕೆಂಡಿಗೆ ೨೪ ಚಿತ್ರಗಳನ್ನು ಹಿಡಿದರು. ಪ್ರತಿಸಲ ಮುಟ್ಟಿದಾಗಲೂ ಬೆರಳಿನ ಒತ್ತು ತುಪ್ಪಳಿನ ಮೇಲೆ ಉಳಿಯಿತು. ಅದರಿಂದ ಚಿತ್ರದಲ್ಲಿ ಕಾಂಗನ ಮೈಗೂದಲು ಗಾಳಿಯಿಲ್ಲದೆಯೇ ಅಲುಗಾಡುತ್ತದೆ. ಕೆಲಸಗಾರರು ಹೆದರಿದ್ದು ಇದಕ್ಕೇ. ನೋಡಿದವರಾದರೋ ಮೃಗಕ್ಕೆ ಕೋಪ ಬಂದು ಮೈಗೂದಲು ನಿಗುರಿತೆಂದು ತಿಳಿದರು. ಸಾತ್ತ್ವಿಕಭಾವಗಳಲ್ಲಿ ರೋಮಾಂಚವನ್ನು ಅಭಿನಯಿಸುವುದು ಮನುಷ್ಯನಟನಿಗೇ ಕಷ್ಟ. ಇಲ್ಲಿ ಬೊಂಬೆಯೊಂದಕ್ಕೆ ಅದು ಪ್ರಮಾದವಶಾತ್ ಸಿದ್ಧಿಸಿತು.

ಅದೇ ಚಿತ್ರದಲ್ಲಿ ಕಾಂಗನ ಎತ್ತರ ಒಂದೇ ಸಮನಾಗಿಲ್ಲ. ದ್ವೀಪದ ಕಾಡಿನಲ್ಲಿ ಸುಮಾರು ೧೮ ಅಡಿಯವನಾಗಿದ್ದವನು ನ್ಯೂಯಾರ್ಕಿನ ಬೀದಿಗಳಲ್ಲಿ ಸುಮಾರು ೨೪ ಅಡಿಯವನಾಗಿದ್ದಾನೆ. ಇದು ಮರೆವಿನಿಂದ ಆದುದಲ್ಲ. ಮುಗಿಲು ಮುಟ್ಟುವ ಕಟ್ಟಡಗಳ ನಡುವೆ ಮೊದಲಿನ ಅಳತೆಯ ಕಾಂಗನು ಸಣ್ಣವನಾಗಿ ಕಾಣುವನೆಂದು ನಿರ್ದೇಶಕ ಮೇರಿಯನ್ ಕೂಪರ್ ಬೇಕೆಂದೇ ಬೆಳೆಸಿದನು. ಅಳತೆಪಟ್ಟಿ ಹಿಡಿದವನಿಗೆ ಇದು ಲೋಕವಿರೋಧ; ಭಯಾನಕದ ಸ್ಥಾಯಿಯನ್ನು ಕಾಪಾಡುವವನಿಗೆ ಔಚಿತ್ಯ. ಆದರೆ ಕಾಂಗನನ್ನು ತಡೆಯಲು ಕಟ್ಟಿದ ಕೋಟೆಗೋಡೆಯಲ್ಲಿ ಕಾಂಗನೇ ನುಗ್ಗುವಷ್ಟು ದೊಡ್ಡ ಬಾಗಿಲೇಕೆ, ಎಂಬ ಪ್ರಶ್ನೆಯನ್ನು ಹೀಗೆ ಹಾರಿಸಿಬಿಡುವಂತಿಲ್ಲ. ತುಪ್ಪಳಿನ ದೋಷವನ್ನು ಕಥೆ ಎತ್ತಿ ತೋರಿಸಿಲ್ಲ. ಗೋಡೆಯ ಪ್ರಾಮುಖ್ಯವನ್ನು ಕಥೆಯೇ ಎತ್ತಿ ಹೇಳಿ, ಕಥೆಯೇ ಅದನ್ನು ಬುಡಮೇಲು ಮಾಡುತ್ತದೆ. ಇದು ನ್ಯಾಯವಿರೋಧ. ಮೊದಲ ಸಲ ನೋಡುವಾಗ ಮುಚ್ಚಿಹೋಗುವುದು ನಿಜ. ಎರಡನೆಯ ಸಲಕ್ಕೆ ತಲೆಯೆತ್ತುತ್ತದೆ.

ಇಷ್ಟನ್ನೂ ಮುಚ್ಚುವ ಶಕ್ತಿ ಆ ಚಿತ್ರದಲ್ಲಿ ಎಲ್ಲಿದೆಯೆಂಬುದಕ್ಕೆ ಒಂದು ಸಣ್ಣ ಸ್ಥಳವನ್ನು ತೋರಿಸುತ್ತೇನೆ. ಕಾಂಗನು ಹಳೆಯ ಯುಗದ ಒಂದು ದೈತ್ಯ ಹಲ್ಲಿಯೊಡನೆ ಹೋರಾಡಿ, ಅದರ ದವಡೆಯನ್ನು ಸೀಳಿ ಕೊಲ್ಲುತ್ತಾನೆ. ಕಾಳಗ ಅಲ್ಲಿಗೆ ಮುಗಿಯಿತು. ಕಥೆಗೆ ಮುಂದೇನೂ ಬೇಕಿಲ್ಲ. ಆದರೂ ಕಾಂಗನು ಬಗ್ಗಿ, ಸತ್ತ ಪ್ರಾಣಿಯ ಮುರಿದ ದವಡೆಯನ್ನು ಹಿಡಿದು ತೆರೆಯುತ್ತಾನೆ, ಮುಚ್ಚುತ್ತಾನೆ, ಮತ್ತೆ ತೆರೆಯುತ್ತಾನೆ. ಸತ್ತಿದೆಯೇ ಇಲ್ಲವೇ ಎಂಬ ಸಂಶಯವೋ, ಮಗುವಿನ ಕುತೂಹಲವೋ, ಗೆದ್ದವನ ಗರ್ವವೋ, ಮೂರೂ ಅಲ್ಲಿ ಸುಳಿಯುತ್ತವೆ. ಬೊಂಬೆಯನ್ನು ಚಲಿಸುವಂತೆ ಮಾಡುವುದು ಶಿಲ್ಪ. ಚಲಿಸಬೇಕಾಗಿಲ್ಲದ ಕಡೆ ಅದಕ್ಕೆ ಒಂದು ಮನಸ್ಸನ್ನು ಕೊಡುವುದು ಪ್ರತಿಭೆ. ಆ ಮನಸ್ಸು ಕಂಡ ಮೇಲೆ ಮೊಲದ ತುಪ್ಪಳನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುವರು?

೨೦೦೧ರ 'ದಿ ಮಮ್ಮಿ ರಿಟರ್ನ್ಸ್' ಎಂಬ ಚಿತ್ರದ ಕೊನೆಯಲ್ಲಿ ಬರುವ ವೃಶ್ಚಿಕರಾಜನನ್ನು ಇದರೊಡನೆ ಹೋಲಿಸಿ ನೋಡಬಹುದು. ಅರ್ಧ ಚೇಳು, ಅರ್ಧ ಮನುಷ್ಯನಾದ ಆ ಆಕೃತಿ ಗಣಕಯಂತ್ರದಿಂದ ಹುಟ್ಟಿದುದು. ಬೆರಳಿನ ಗುರುತಿಲ್ಲ, ಕೀಲಿನ ಅಡಚಣೆಯಿಲ್ಲ. ಓಬ್ರಿಯನ್ ಕನಸಿನಲ್ಲಿಯೂ ಎಣಿಸದಿದ್ದ ಸಲಕರಣೆ. ಆದರೂ ಅದು ತೆರೆಗೆ ಬಂದೊಡನೆ ಮುಖ ಮೇಣದ್ದೆಂಬುದು ಮಕ್ಕಳಿಗೂ ಗೊತ್ತಾಗುತ್ತದೆ. ಆನಂದವರ್ಧನನು ಹೇಳಿದ 'ಒಡನೆಯೇ' ಎಂಬ ಮಾತು ಇಲ್ಲಿ ಅಕ್ಷರಶಃ ಸಾರ್ಥಕ. ಆ ಕಾಲಕ್ಕೆ ಯಂತ್ರ ಇನ್ನೂ ಪಕ್ವವಾಗಿರಲಿಲ್ಲವೆಂದು ಸಮಾಧಾನ ಹೇಳುವವರುಂಟು. ೧೯೩೩ರಲ್ಲಿ ಪಕ್ವವಾಗಿತ್ತೆ? ಆ ವೃಶ್ಚಿಕರಾಜನು ಬರುವುದು ಹೊಡೆಯುವುದಕ್ಕೆ, ಹೋಗುವುದು ಸಾಯುವುದಕ್ಕೆ. ನಡುವೆ ದವಡೆಯೊಂದನ್ನು ಮುಟ್ಟಿ ನೋಡುವಷ್ಟು ಬಿಡುವನ್ನೂ ಅವನಿಗೆ ಕೊಟ್ಟಿಲ್ಲ. ಮುಖ ಮೇಣದಂತಿರುವುದು ವ್ಯುತ್ಪತ್ತಿಯ ಕೊರತೆಯಾದರೂ ಆಗಬಹುದು. ಆ ಮುಖದ ಹಿಂದೆ ಯಾರೂ ಇಲ್ಲದಿರುವುದು ಅಶಕ್ತಿ.

ಒಂದು ನೋಟದಿಂದ ಇನ್ನೊಂದಕ್ಕೆ ವಸ್ತುಗಳ ಇರವು ಹೊಂದಿಕೆಯಾಗದಿರುವುದೇ ತಪ್ಪುಗಾರರ ಪಟ್ಟಿಯಲ್ಲಿ ಅತಿ ಹೆಚ್ಚಾಗಿ ಸಿಕ್ಕುವುದು. ಇದರ ಕಾರಣ ಸುಲಭ. ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಒಂದೇ ಸಂಭಾಷಣೆಯನ್ನು ಹಲವು ಕೋನಗಳಿಂದ, ಹಲವು ಸಲ, ಕೆಲವೊಮ್ಮೆ ದಿನಗಳ ಅಂತರದಲ್ಲಿ ಹಿಡಿದು, ಸಂಕಲನಕಾರನು ಅವುಗಳಿಂದ ಆಯ್ದು ಪೋಣಿಸುತ್ತಾನೆ. ಕೈ ಸರಿಯಾದ ಜಾಗದಲ್ಲಿದ್ದು ಮುಖ ಸಪ್ಪೆಯಾದ ನೋಟ ಒಂದು, ಮುಖ ಜೀವಂತವಾಗಿದ್ದು ಕೈ ಜಾಗ ತಪ್ಪಿದ ನೋಟ ಒಂದು, ಇವೆರಡರಲ್ಲಿ ಯಾವುದನ್ನು ಆಯಬೇಕು? 'ಅಪೊಕ್ಯಾಲಿಪ್ಸ್ ನೌ' (೧೯೭೯) ಚಿತ್ರದ ಸಂಕಲನಕಾರರಲ್ಲೊಬ್ಬನಾದ ವಾಲ್ಟರ್ ಮರ್ಚ್ ಎಂಬವನು ಇದಕ್ಕೆ ಲೆಕ್ಕವನ್ನೇ ಕೊಟ್ಟಿದ್ದಾನೆ. ನೂರರಲ್ಲಿ ಭಾವಕ್ಕೆ ೫೧, ಕಥೆಗೆ ೨೩, ಲಯಕ್ಕೆ ೧೦. ಪ್ರೇಕ್ಷಕನ ದೃಷ್ಟಿಯ ಜಾಡಿಗೆ ೭, ತೆರೆಯ ಸಮತಲದ ಹೊಂದಿಕೆಗೆ ೫. ಸ್ಥಳದಲ್ಲಿ ಯಾರು ಎಲ್ಲಿ ನಿಂತಿದ್ದರೆಂಬ ಅನುಸಂಧಾನಕ್ಕೆ ಕಟ್ಟಕಡೆಯ ೪. ರಸವಸ್ತುವನ್ನು ಶೇಕಡದಲ್ಲಿ ಅಳೆಯುವುದು ನಗೆಗೀಡಾದರೂ ಕ್ರಮ ಮಾತ್ರ ಯೋಚಿಸತಕ್ಕದ್ದು: ತಪ್ಪುಗಾರರ ಪಟ್ಟಿಯ ಬಹುಭಾಗ ಈ ನಾಲ್ಕರೊಳಗೇ ಮುಗಿದುಹೋಗುತ್ತದೆ.

ಹಿಚ್‌ಕಾಕನ 'ನಾರ್ತ್ ಬೈ ನಾರ್ತ್‌ವೆಸ್ಟ್' (೧೯೫೯) ಚಿತ್ರದ ಉಪಾಹಾರಗೃಹದ ದೃಶ್ಯದಲ್ಲಿ ನಾಯಿಕೆ ಪಿಸ್ತೂಲು ಹಾರಿಸುವ ಮೊದಲೇ ಹಿಂದೆ ಕುಳಿತ ಒಬ್ಬ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ. ಹಿಂದಿನ ಅಭ್ಯಾಸಗಳಲ್ಲಿ ಸದ್ದು ಕೇಳಿ ಬೇಸತ್ತಿದ್ದನೆಂದು ತೋರುತ್ತದೆ. ಒಮ್ಮೆ ಯಾರಾದರೂ ತೋರಿಸಿಕೊಟ್ಟ ಮೇಲೆ ಆ ಹುಡುಗನನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ತೋರಿಸಿಕೊಟ್ಟವನು ಉಪಕಾರಮಾಡಿದನೋ ಅಪಕಾರಮಾಡಿದನೋ ಹೇಳುವುದು ಕಷ್ಟ. 'ಜುರಾಸಿಕ್ ಪಾರ್ಕ್' (೧೯೯೩) ಚಿತ್ರದಲ್ಲಿಯೂ ಇಂತಹದೇ ಒಂದು ಪ್ರಮಾದವಿದೆ: ಬೇಲಿಯ ಆಚೆ ಸಮನೆಲದಿಂದ ಹೊರಬಂದ ದೈತ್ಯಪ್ರಾಣಿ ಸ್ವಲ್ಪಹೊತ್ತಿನಲ್ಲಿ ಅಲ್ಲಿಂದಲೇ ವಾಹನವನ್ನು ಆಳವಾದ ಕಮರಿಗೆ ತಳ್ಳುತ್ತದೆ. ನೆಲ ಕಮರಿಯಾದುದು ಹೇಗೆ? ಪ್ರೇಕ್ಷಕನಿಗೆ ಆಗ ಇದನ್ನು ಕೇಳುವ ವ್ಯವಧಾನವಿಲ್ಲ. ಅಂದಹಾಗೆ, ಆ ದೃಶ್ಯದಲ್ಲಿ ಬಳಸಿದ ಯಂತ್ರದ ಪ್ರಾಣಿಯ ಹೊರಮೈ ಕೃತಕ ಮಳೆಯ ನೀರನ್ನು ಹೀರಿ ತೂಕವೇರಿ, ಮೈಯೆಲ್ಲ ನಡುಗತೊಡಗಿ, ಕೆಲಸಗಾರರು ಅದನ್ನು ಬಟ್ಟೆಯಿಂದ ಒರಸಿ ಆರಿಸಬೇಕಾಯಿತು. ಅದೇ ನಿರ್ದೇಶಕನ ಹಿಂದಿನ 'ಜಾಸ್' (೧೯೭೫) ಚಿತ್ರದ ಯಂತ್ರದ ಶಾರ್ಕ್ ಮೀನು ಸಮುದ್ರದ ಉಪ್ಪುನೀರಿನಲ್ಲಿ ಮೇಲಿಂದಮೇಲೆ ಕೆಟ್ಟುನಿಂತುದರಿಂದಲೇ ಅದನ್ನು ತೋರಿಸದೆ ಸೂಚಿಸುವುದು ಅನಿವಾರ್ಯವಾಯಿತು. ವಾಚ್ಯಕ್ಕೆ ಯಂತ್ರ ಒದಗದೆ ಹೋದಾಗ ಚಿತ್ರ ವ್ಯಂಗ್ಯಕ್ಕೆ ಶರಣು ಹೋಗಿ ಬದುಕಿತು.

ಹಾಗೆಂದು ದೋಷಗಳೆಲ್ಲ ಕ್ಷಮಾರ್ಹವೆಂದು ತಿಳಿಯಬಾರದು. ಚರಿತ್ರೆಯ ಸಾಕ್ಷಿಯಾಗಿ ನಿಲ್ಲುತ್ತೇನೆಂದು ಬರುವ ಚಿತ್ರದ ಮಾತು ಬೇರೆ. ೧೯೯೫ರ 'ಬ್ರೇವ್‌ಹಾರ್ಟ್' ಚಿತ್ರದಲ್ಲಿ ಹದಿಮೂರನೆಯ ಶತಮಾನದ ಸ್ಕಾಟರು ಮುನ್ನೂರು ವರ್ಷಗಳ ಅನಂತರದ ಉಡುಪನ್ನು ತೊಟ್ಟಿದ್ದಾರೆ. ಇದು ಅವ್ಯುತ್ಪತ್ತಿ, ಸಹಿಸಬಹುದು. ಆದರೆ ೧೨೯೭ರ ಸ್ಟರ್ಲಿಂಗ್ ಸೇತುವೆಯ ಯುದ್ಧವನ್ನು ಸೇತುವೆಯೇ ಇಲ್ಲದೆ ಬಯಲಿನಲ್ಲಿ ತೋರಿಸಲಾಗಿದೆ. ಆ ಇಕ್ಕಟ್ಟಾದ ಸೇತುವೆಯ ಮೇಲೆ ಶತ್ರುಸೈನ್ಯ ಅರ್ಧ ದಾಟಿದಾಗ ಮೇಲೆ ಬಿದ್ದುದೇ ಸ್ಕಾಟರ ಗೆಲುವಿನ ಗುಟ್ಟು. ಸೇತುವೆಯನ್ನು ತೆಗೆದರೆ ಗೆಲುವಿಗೆ ಕಾರಣವೇ ಹೋಯಿತು. ಬುದ್ಧಿಯಿಂದ ಗೆದ್ದವರು ಬರಿಯ ಆರ್ಭಟದಿಂದ ಗೆದ್ದವರಾದರು. ಉಡುಪಿನ ತಪ್ಪನ್ನು ಎಲ್ಲರೂ ಬರೆದರು. ಸೇತುವೆಯ ತಪ್ಪು ವೀರರಸದ ಬುಡಕ್ಕೇ ತಗಲುವುದೆಂಬುದನ್ನು ಹೇಳಿದವರು ಕಡಮೆ.

ಕಡೆಯದಾಗಿ ಕನ್ನಡದ ಒಂದು ಚಿತ್ರ. ೧೯೭೭ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಬಂದ 'ಬಭ್ರುವಾಹನ'ದಲ್ಲಿ ಅರ್ಜುನನೂ ಬಭ್ರುವಾಹನನೂ ರಾಜ್‌ಕುಮಾರ್ ಅವರೇ. ಲಕ್ಷ್ಮೀಶನ 'ಜೈಮಿನಿಭಾರತ'ವನ್ನು ಪಾಠ ಹೇಳಿದ ಅಧ್ಯಾಪಕರಿಗೆ ಕಥೆಯನ್ನು ವಿವರಿಸಬೇಕಾಗಿಲ್ಲ: ಯಜ್ಞದ ಕುದುರೆಯನ್ನು ಕಟ್ಟಿದ ಮಗನು ತಂದೆಯೆಂದು ತಿಳಿದು ಕಾಣಿಕೆಯೊಡನೆ ಬಂದು ಎರಗಿದಾಗ ಪಾರ್ಥನು ಅವನನ್ನು ಒದೆದು, ಹುಟ್ಟನ್ನೇ ಹಳಿಯುತ್ತಾನೆ, ಕಾಳಗವಾಗುತ್ತದೆ. ಆ ಕಾಲದ ದ್ವಿಪಾತ್ರದ ಚಿತ್ರಗಳಲ್ಲಿ ರೂಢಿಯಾಗಿದ್ದ ಉಪಾಯವೇನೆಂದರೆ, ಮಸೂರದ ಅರ್ಧವನ್ನು ಮರೆಮಾಡಿ ಒಂದು ಪಾತ್ರವನ್ನು ಹಿಡಿದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಅದೇ ನಟನನ್ನು ಬೇರೆ ವೇಷದಲ್ಲಿ ಹಿಡಿಯುವುದು. ಕ್ಯಾಮೆರಾ ಕದಲಬಾರದು, ಬೆಳಕು ಬದಲಾಗಬಾರದು, ನಡುವಿನ ಗೆರೆಯನ್ನು ಯಾವ ಪಾತ್ರವೂ ದಾಟಬಾರದು. ಮೈಗೆ ಮೈ ತಗಲಬೇಕಾದಲ್ಲಿ ಬೆನ್ನು ತೋರಿಸುವ ಬದಲಿ ನಟ ಬೇಕು. ಆ ಗೆರೆಯನ್ನು ಹುಡುಕುತ್ತ ಚಿತ್ರವನ್ನು ನೋಡಿದವರುಂಟು; ತಂದೆ ಮಕ್ಕಳಿಬ್ಬರಿಗೂ ಒಂದೇ ವಯಸ್ಸಿನಂತೆ ಕಾಣುತ್ತದೆಂದು ಆಕ್ಷೇಪಿಸಿದವರೂ ಉಂಟು. ಎರಡನೆಯದು ಲೋಕವಿರೋಧವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಆ ಮಾಯೆ ಅಲ್ಲಿ ಏನು ಮಾಡುತ್ತಿದೆಯೆಂಬುದನ್ನು ನೋಡಬೇಕು. ನೀನು ನನ್ನ ಮಗನಲ್ಲವೆಂದು ಅರ್ಜುನನು ಗರ್ಜಿಸುತ್ತಾನೆ. ಗರ್ಜಿಸುವ ಮುಖದ ಎದುರಿಗೆ ಅದೇ ಮುಖ ತಲೆಬಾಗಿ ನಿಂತಿದೆ. ಸಭೆಯಲ್ಲಿರುವ ಯಾರಿಗೂ ಕಾಣದ ಆ ಸಾಕ್ಷ್ಯ ಪ್ರೇಕ್ಷಕರಿಗೆಲ್ಲ ಕಾಣುತ್ತದೆ. ಕಾವ್ಯವನ್ನು ಓದುವವನು ತನ್ನ ಭಾವನೆಯಲ್ಲಿ ಕಟ್ಟಿಕೊಳ್ಳಬೇಕಾದ ತಂದೆಮಕ್ಕಳ ಏಕತೆಯನ್ನು ಇಲ್ಲಿ ಒಂದೂ ಮಾತಿಲ್ಲದೆ, ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡಿದ ಮಾತ್ರದಿಂದ ಸಾಧಿಸಲಾಗಿದೆ. ಮುಖಗಳಲ್ಲಿ ವಯಸ್ಸಿನ ಅಂತರವನ್ನು ಇನ್ನಷ್ಟು ಹೆಚ್ಚಿಸಿದ್ದರೆ ಲೋಕಕ್ಕೆ ಒಪ್ಪಿಗೆಯಾಗುತ್ತಿತ್ತು, ಈ ಕ್ರೌರ್ಯ ಸಡಿಲವಾಗುತ್ತಿತ್ತು. ತನ್ನ ಮೋರೆಯನ್ನೇ ತಾನು ಗುರುತಿಸದೆ ಒದೆಯುವ ಪಾರ್ಥನನ್ನು ನೋಡುತ್ತಿರುವಾಗ ನಡುವಿನ ಗೆರೆ ಎಲ್ಲಿ ಹಾದುಹೋಗಿದೆಯೆಂದು ಹುಡುಕಲು ನನಗೆ ಮನಸ್ಸಾಗಲಿಲ್ಲ.